ಮನೆಯ ಬೆಕ್ಕಿನ ಕಣ್ಣುಬೇನೆ: ಗುರುತಿಸುವ ಬಗೆ, ಆರೈಕೆ ಮತ್ತು ತಡೆ

ರಾಗಿ ಮತ್ತು ರೇಷ್ಮೆ, ಮಾಗಡಿ, ರಾಮನಗರ, ಚನ್ನಪಟ್ಟಣ ಹಾಗೂ ಕನಕಪುರ ತಾಲ್ಲೂಕುಗಳ ರೈತರ ಬದುಕಿನ ಎರಡು ಆಧಾರಗಳು. ಈ ಎರಡಕ್ಕೂ ಇಲಿ ಶತ್ರು. ಕಣಜದ ರಾಗಿಯನ್ನು ತಿನ್ನುವುದರ ಜೊತೆಗೆ ಹಿಕ್ಕೆ, ಮೂತ್ರಗಳಿಂದ ಅದನ್ನು ಕೆಡಿಸುತ್ತದೆ. ಸಾಕಣೆ ಮನೆಗೆ ನುಗ್ಗಿ ರೇಷ್ಮೆ ಹುಳುವನ್ನೂ ಗೂಡನ್ನೂ ಹಾಳುಮಾಡುತ್ತದೆ. ಆದುದರಿಂದಲೇ ಈ ಕಡೆ 'ಕೊತ್ತಿ' ಎಂದು ಕರೆಯುವ ಬೆಕ್ಕು ಹೆಚ್ಚಿನ ರೈತರ ಮನೆಗಳಲ್ಲಿ ಕಂಡುಬರುತ್ತದೆ. ಬುಕ್ಕರಾಯನ ಕಾಲದ 1368ರ ಶಾಸನದಿಂದ ಹೆಸರಾದ ಮಾಗಡಿ ತಾಲ್ಲೂಕಿನ ಕಲ್ಯ ಮತ್ತು ಅದರ ಸುತ್ತಲಿನ ಹಳ್ಳಿಗಳೂ ಇದಕ್ಕೆ ಹೊರತಲ್ಲ.

ಹಸುವಿಗೆ ಕಾಯಿಲೆಯಾದರೆ ಅದೇ ದಿನ ಆಸ್ಪತ್ರೆಗೆ ಓಡುವ ರೈತರು ಬೆಕ್ಕಿನ ಕಣ್ಣು ಅಂಟಿಕೊಂಡರೆ 'ತಾನಾಗಿಯೇ ಹೋಗುತ್ತದೆ' ಎಂದು ಸುಮ್ಮನಿರುವುದುಂಟು. ಮರಿಗಳಿಗೆ ಕಣ್ಣು ಬಂದರೆ ಚೀಲದಲ್ಲಿ ಹಾಕಿ ಊರಾಚೆ ಬಿಟ್ಟುಬರುವವರೂ ಇದ್ದಾರೆ. ಇದು ಸರಿಯಲ್ಲ. ಬಹುಪಾಲು ಕಣ್ಣುಬೇನೆಗಳು ಮೊದಲ ಎರಡು ಮೂರು ದಿನಗಳಲ್ಲಿ ಗಮನಕೊಟ್ಟರೆ ವಾಸಿಯಾಗತಕ್ಕವು. ತಡಮಾಡಿದಲ್ಲಿ ಮಾತ್ರ ಕಣ್ಣಿಗೆ ಹೂ ಬೀಳುತ್ತದೆ, ಕೆಲವು ವೇಳೆ ಕಣ್ಣೇ ಹೋಗುತ್ತದೆ. ಆದುದರಿಂದ ಬೇನೆಯನ್ನು ಗುರುತಿಸುವುದು, ಮನೆಯಲ್ಲಿ ಮಾಡಬಹುದಾದ ಆರೈಕೆ ಮತ್ತು ವೈದ್ಯರಲ್ಲಿಗೆ ಹೋಗಬೇಕಾದ ಸಂದರ್ಭ ಇವನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಒಳ್ಳೆಯದು.

ಬೆಕ್ಕಿನ ಕಣ್ಣಿನ ರಚನೆ

ಕಣ್ಣುಗುಡ್ಡೆಯ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಪಾರದರ್ಶಕವಾದ ಒಂದು ಪಟಲವಿದೆ. ಇದನ್ನು ಕಾರ್ನಿಯಾ ಎನ್ನುತ್ತಾರೆ. ರೆಪ್ಪೆಯ ಒಳಮೈಯನ್ನೂ ಕಣ್ಣಿನ ಬಿಳಿಭಾಗವನ್ನೂ ಹೊದ್ದಿರುವ ತೆಳುವಾದ ಪೊರೆಗೆ ಲೋಳೆಪೊರೆ ಎಂದು ಹೆಸರು. ಕಣ್ಣು ಕೆಂಪಾಗುವುದು, ಊದುವುದು, ಗೀಜು ಬರುವುದು ಸಾಮಾನ್ಯವಾಗಿ ಈ ಲೋಳೆಪೊರೆಯ ಉರಿಯೂತದಿಂದ. ಬೇನೆ ಲೋಳೆಪೊರೆಯಲ್ಲಿ ಮಾತ್ರ ಇರುವವರೆಗೆ ದೃಷ್ಟಿಗೆ ಅಪಾಯ ಕಡಿಮೆ. ಅದು ಕಾರ್ನಿಯಾಕ್ಕೆ ಹರಡಿ ಹುಣ್ಣಾದಾಗ ಅಪಾಯ ಆರಂಭವಾಗುತ್ತದೆ.

ಬೆಕ್ಕಿಗೆ ಮೇಲಿನ ಮತ್ತು ಕೆಳಗಿನ ರೆಪ್ಪೆಗಳಲ್ಲದೆ ಮೂಗಿನ ಕಡೆಯ ಮೂಲೆಯಲ್ಲಿ ಮೂರನೆಯ ರೆಪ್ಪೆಯೊಂದು ಇದೆ. ಆರೋಗ್ಯವಾಗಿರುವ ಬೆಕ್ಕಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಕಣ್ಣಿನಲ್ಲಿ ನೋವಿದ್ದಾಗ ಅಥವಾ ಬೆಕ್ಕು ಕಾಯಿಲೆಯಿಂದ ಸೊರಗಿದಾಗ ಬಿಳಿಯ ಪೊರೆಯಂತೆ ಅರ್ಧ ಕಣ್ಣನ್ನು ಮುಚ್ಚುತ್ತದೆ. ಇದನ್ನು ಕಂಡು ಪೊರೆ ಬೆಳೆದಿದೆಯೆಂದು ಭಾವಿಸಿ ಎಳೆಯಲು ಅಥವಾ ಕತ್ತರಿಸಲು ಎಂದಿಗೂ ಹೋಗಬಾರದು. ಇದು ಕಣ್ಣಿನ ರಕ್ಷಣೆಯ ಅಂಗ.

ಬೇನೆಗೆ ಕಾರಣಗಳು

1. ನಂಜಾಣುಗಳು: ಮರಿಗಳಲ್ಲಿ ಬರುವ ಕಣ್ಣುಬೇನೆಗೆ ಅತಿ ಮುಖ್ಯ ಕಾರಣ ಬೆಕ್ಕಿನ ಹರ್ಪಿಸ್ ವೈರಸ್. ಇದರಲ್ಲಿ ಕಣ್ಣಿನ ಜೊತೆಗೆ ಮೂಗೂ ಸೋರುತ್ತದೆ. ಬೆಕ್ಕು ಪದೇ ಪದೇ ಸೀನುತ್ತದೆ, ಜ್ವರ ಬಂದು ಮಂಕಾಗುತ್ತದೆ. ಈ ವೈರಸ್ ಕಾರ್ನಿಯಾದ ಮೇಲೆಯೂ ಹುಣ್ಣು ಮಾಡಬಲ್ಲದು. ಒಮ್ಮೆ ಸೋಂಕು ತಗಲಿದ ಬೆಕ್ಕುಗಳಲ್ಲಿ ಹೆಚ್ಚಿನವು ವಾಸಿಯಾದ ಮೇಲೂ ವೈರಸ್ಸನ್ನು ನರಗಳಲ್ಲಿ ಜೀವನಪೂರ್ತಿ ಇಟ್ಟುಕೊಂಡಿರುತ್ತವೆ. ಮರಿ ಹಾಕಿದಾಗ, ಸ್ಥಳ ಬದಲಾದಾಗ, ಬೇರೆ ಕಾಯಿಲೆ ಬಂದಾಗ ಅದು ಮತ್ತೆ ಹೊರಬರುತ್ತದೆ. ನೋಡಲು ಚೆನ್ನಾಗಿರುವ ತಾಯಿಯ ಮರಿಗಳಿಗೆ ಪ್ರತಿ ಸೂಲಿನಲ್ಲೂ ಕಣ್ಣು ಬರುವುದಕ್ಕೆ ಇದೇ ಕಾರಣವಿರಬಹುದು. ಕ್ಯಾಲಿಸಿ ಎಂಬ ಇನ್ನೊಂದು ವೈರಸ್ಸಿನಿಂದ ನೆಗಡಿಯ ಜೊತೆಗೆ ನಾಲಗೆ, ಬಾಯಿಗಳಲ್ಲಿ ಹುಣ್ಣಾಗುತ್ತದೆ.

2. ಸೂಕ್ಷ್ಮಾಣುಗಳು: ಕ್ಲಮೈಡಿಯಾ ಎಂಬ ಸೂಕ್ಷ್ಮಾಣುವಿನಿಂದ ಬರುವ ಬೇನೆ ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಆರಂಭವಾಗಿ ಕೆಲವು ದಿನಗಳಲ್ಲಿ ಇನ್ನೊಂದಕ್ಕೆ ಹರಡುತ್ತದೆ. ಲೋಳೆಪೊರೆ ನೀರು ತುಂಬಿದಂತೆ ಬಹಳವಾಗಿ ಊದಿಕೊಳ್ಳುತ್ತದೆ, ಸೀನು ಕಡಿಮೆ. ಒಂದು ವರ್ಷದೊಳಗಿನ ಬೆಕ್ಕುಗಳಲ್ಲಿ ಇದು ಹೆಚ್ಚು.

3. ಎಳೆಮರಿಗಳ ಕಣ್ಣುಬೇನೆ: ಹುಟ್ಟಿದ 7 ರಿಂದ 14 ದಿನಗಳಲ್ಲಿ ಮರಿಗಳು ಕಣ್ಣು ಬಿಡುತ್ತವೆ. ಅದಕ್ಕೆ ಮೊದಲೇ ಸೋಂಕು ಸೇರಿದರೆ ಮುಚ್ಚಿದ ರೆಪ್ಪೆಯ ಹಿಂದೆ ಕೀವು ತುಂಬಿ ಕಣ್ಣು ಕಡಲೆಕಾಯಿಯಂತೆ ಉಬ್ಬುತ್ತದೆ. ಮೂಗಿನ ಕಡೆಯ ಮೂಲೆಯಲ್ಲಿ ಹಳದಿ ಗೀಜು ಸ್ವಲ್ಪ ಜಿನುಗಬಹುದು. ಈ ಕೀವು ಹೊರಹೋಗದಿದ್ದರೆ ಕೆಲವೇ ದಿನಗಳಲ್ಲಿ ಮರಿಯ ಕಣ್ಣು ಶಾಶ್ವತವಾಗಿ ಹೋಗುತ್ತದೆ.

4. ಪೆಟ್ಟು ಮತ್ತು ಕಸ: ಬೆಕ್ಕುಗಳ ಜಗಳದಲ್ಲಿ ಉಗುರು ತಗಲುವುದು, ಮುಳ್ಳು ಚುಚ್ಚುವುದು, ಒಕ್ಕಣೆಯ ಕಾಲದಲ್ಲಿ ಕಣದ ದೂಳು, ರಾಗಿ ಹೊಟ್ಟು ಅಥವಾ ಭತ್ತದ ಮುಳ್ಳು ಕಣ್ಣಿಗೆ ಬೀಳುವುದು ಸಾಮಾನ್ಯ. ಇಂತಹವು ಸಾಧಾರಣವಾಗಿ ಒಂದೇ ಕಣ್ಣಿಗೆ, ಇದ್ದಕ್ಕಿದ್ದಂತೆ ಬರುತ್ತವೆ. ಎಕ್ಕ ಮತ್ತು ಕಳ್ಳಿಯ ಹಾಲೂ ಕಣ್ಣಿಗೆ ಬಹಳ ಕೇಡು.

5. ರಾಸಾಯನಿಕಗಳು: ನಮ್ಮ ಭಾಗದಲ್ಲಿ ಇದಕ್ಕೆ ವಿಶೇಷ ಗಮನ ಕೊಡಬೇಕು. ರೇಷ್ಮೆಹುಳು ಸಾಕಣೆ ಮನೆಯ ಸೋಂಕುನಿವಾರಣೆಗೆ ಬ್ಲೀಚಿಂಗ್ ಪುಡಿ, ಸುಣ್ಣ ಮತ್ತು ಫಾರ್ಮಲಿನ್ ಬಳಸುತ್ತೇವೆ. ಹುಳುವಿಗೆ ರಕ್ಷಣೆ ನೀಡುವ ಇವೇ ವಸ್ತುಗಳು ಬೆಕ್ಕಿನ ಕಣ್ಣನ್ನು ಸುಡುತ್ತವೆ. ಅವುಗಳಲ್ಲಿ ಸುಣ್ಣ ಹೆಚ್ಚು ಅಪಾಯಕಾರಿ. ಆಮ್ಲವು ಮೇಲ್ಪದರವನ್ನು ಸುಟ್ಟು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಸುಣ್ಣದಂತಹ ಕ್ಷಾರವಾದರೋ ಒಳಪದರಗಳಿಗೆ ಇಳಿಯುತ್ತಲೇ ಹೋಗುತ್ತದೆ.

6. ಆಹಾರದ ಕೊರತೆ: ಇದನ್ನು ಕೆಳಗೆ ಪ್ರತ್ಯೇಕವಾಗಿ ವಿವರಿಸಿದೆ.

ಲಕ್ಷಣಗಳನ್ನು ಗುರುತಿಸುವ ಬಗೆ

ಬೆಕ್ಕನ್ನು ಬೆಳಕಿನಲ್ಲಿ ಕೂರಿಸಿ ಎರಡೂ ಕಣ್ಣುಗಳನ್ನು ಹೋಲಿಸಿ ನೋಡಬೇಕು.

- ನೀರಿನಂತಹ ಸ್ರಾವ: ವೈರಸ್ಸಿನ ಸೋಂಕಿನ ಆರಂಭ, ದೂಳು ಅಥವಾ ಹೊಗೆ.
- ಹಳದಿ ಅಥವಾ ಹಸಿರು ಗೀಜು: ಸೂಕ್ಷ್ಮಾಣುಗಳು ಸೇರಿಕೊಂಡಿವೆ ಎಂದು ತಿಳಿಯಬೇಕು.
- ಎರಡೂ ಕಣ್ಣು, ಜೊತೆಗೆ ಸೀನು: ಅಂಟುಜಾಡ್ಯ. ಬೇರೆ ಬೆಕ್ಕುಗಳಿಗೂ ಹರಡುತ್ತದೆ.
- ಒಂದೇ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ಮುಂಗಾಲಿನಿಂದ ಉಜ್ಜುವುದು: ಕಸ, ಪೆಟ್ಟು ಅಥವಾ ಹುಣ್ಣು. ಇದು ಬಹಳ ನೋವಿನ ಗುರುತು.
- ಕಪ್ಪುಭಾಗದ ಮೇಲೆ ಬೂದು ಅಥವಾ ನೀಲಿ ಮಸುಕು, ಅಂದರೆ 'ಹೂ ಬೀಳುವುದು': ಕಾರ್ನಿಯಾಕ್ಕೆ ಬೇನೆ ಹರಡಿದೆ.
- ಕಣ್ಣಿನ ಒಳಗೆ ರಕ್ತ ಕಾಣುವುದು: ಪೆಟ್ಟು, ಇಲ್ಲವೆ ಇಲಿಪಾಷಾಣದ ಪರಿಣಾಮ. ಬ್ರೋಮಾಡಿಯೋಲೋನ್ ಬಿಲ್ಲೆ ತಿಂದು ಸತ್ತ ಇಲಿಯನ್ನು ಬೆಕ್ಕು ತಿಂದರೂ ರಕ್ತಸ್ರಾವವಾಗಬಹುದು.

ಬೆಳಿಗ್ಗೆ ಎದ್ದಾಗ ಕಣ್ಣಿನ ಮೂಲೆಯಲ್ಲಿ ಕಾಣುವ ಒಂದಿಷ್ಟು ಕಂದು ಬಣ್ಣದ ಒಣ ಗೀಜು ಬೇನೆಯಲ್ಲ. ಅದಕ್ಕೆ ಹೆದರಬೇಕಾಗಿಲ್ಲ.

ಮನೆಯಲ್ಲಿ ಮಾಡಬಹುದಾದ ಆರೈಕೆ

ಉಪ್ಪುನೀರಿನ ತಯಾರಿಕೆ: ಅರ್ಧ ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ನಾಲ್ಕೂವರೆ ಗ್ರಾಂ ಅಂದರೆ ಚಹಾ ಚಮಚದ ಸುಮಾರು ಮುಕ್ಕಾಲು ಪಾಲು ಪುಡಿಯುಪ್ಪನ್ನು ಕರಗಿಸಬೇಕು. ಮುಚ್ಚಿಟ್ಟು ಉಗುರುಬೆಚ್ಚಗಾಗುವವರೆಗೆ ಆರಿಸಬೇಕು. ಇದು ಕಣ್ಣೀರಿನಷ್ಟೇ ಉಪ್ಪಾಗಿರುವುದರಿಂದ ಕಣ್ಣು ಉರಿಯುವುದಿಲ್ಲ. ಉಪ್ಪು ಹೆಚ್ಚಿದರೆ ಉರಿ ಹೆಚ್ಚುತ್ತದೆ. ಅಂದಾಜಿನ ಮೇಲೆ ಹಾಕಬಾರದು. ಪ್ರತಿದಿನ ಹೊಸದಾಗಿ ತಯಾರಿಸಿ ಉಳಿದುದನ್ನು ಚೆಲ್ಲಬೇಕು.

ಹಿಡಿಯುವ ಕ್ರಮ: ಬೆಕ್ಕನ್ನು ದಪ್ಪ ಟವೆಲಿನಲ್ಲಿ ಕುತ್ತಿಗೆಯವರೆಗೆ ಸುತ್ತಿ, ನಾಲ್ಕು ಕಾಲುಗಳೂ ಒಳಗಿರುವಂತೆ ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಒರೆಸಬೇಕು. ಮಕ್ಕಳ ಕೈಗೆ ಈ ಕೆಲಸ ಕೊಡಬಾರದು.

ಒರೆಸುವ ಕ್ರಮ: ಶುದ್ಧವಾದ ಹತ್ತಿಬಟ್ಟೆಯ ತುಂಡನ್ನು ಈ ನೀರಿನಲ್ಲಿ ಅದ್ದಿ, ಅಂಟಿಕೊಂಡ ರೆಪ್ಪೆಯ ಮೇಲೆ ಒಂದೆರಡು ನಿಮಿಷ ಇಡಬೇಕು. ಗಟ್ಟಿಯಾದ ಗೀಜು ನೆನೆದ ಮೇಲೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಮೃದುವಾಗಿ ಒರೆಸಬೇಕು. ಒಣಗಿದ ಗೀಜನ್ನು ಉಗುರಿನಿಂದ ಕೀಳಬಾರದು. ಒಂದು ಕಣ್ಣಿಗೆ ಬಳಸಿದ ಬಟ್ಟೆಯನ್ನು ಇನ್ನೊಂದಕ್ಕೆ ಮುಟ್ಟಿಸದೆ ಸುಟ್ಟುಬಿಡಬೇಕು. ದಿನಕ್ಕೆ ಮೂರು ನಾಲ್ಕು ಬಾರಿ ಹೀಗೆ ಮಾಡಬಹುದು.

ಎಳೆಮರಿಗಳಿಗೆ: ಕಣ್ಣು ಬಿಟ್ಟಿರದ ಮರಿಯ ರೆಪ್ಪೆ ಉಬ್ಬಿದ್ದರೆ ಬೆಚ್ಚಗಿನ ಉಪ್ಪುನೀರಿನ ಬಟ್ಟೆಯನ್ನು ಹಲವು ಬಾರಿ ಇಡಬೇಕು. ರೆಪ್ಪೆಗಳು ತಾವಾಗಿ ಸಡಿಲಿದರೆ ಕೀವನ್ನು ಒರೆಸಿ ತೆಗೆಯಬಹುದು. ಸಡಿಲದಿದ್ದಲ್ಲಿ ಬಲವಂತವಾಗಿ ಬಿಡಿಸದೆ ಅದೇ ದಿನ ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು. ತಾಯಿಯನ್ನೂ ಜೊತೆಯಲ್ಲಿ ಒಯ್ಯುವುದು ಮೇಲು.

ಸುಣ್ಣ ಅಥವಾ ಬ್ಲೀಚಿಂಗ್ ಪುಡಿ ಬಿದ್ದಾಗ: ಮುಖದ ಮೇಲಿನ ಒಣಪುಡಿಯನ್ನು ಮೊದಲು ಬಟ್ಟೆಯಿಂದ ಕೊಡವಿ ತೆಗೆಯಬೇಕು. ಕೂಡಲೇ ಕಣ್ಣಿಗೆ ಶುದ್ಧವಾದ ತಣ್ಣೀರನ್ನು ಸಣ್ಣಧಾರೆಯಾಗಿ 15 ರಿಂದ 20 ನಿಮಿಷ ಬಿಡಬೇಕು. ಉಪ್ಪುನೀರು ತಯಾರಿಸಲು ಕಾಯುತ್ತ ಕೂರಬಾರದು. ಮೊದಲ ಕೆಲವು ನಿಮಿಷಗಳ ತೊಳೆತವೇ ಕಣ್ಣನ್ನು ಉಳಿಸುವುದು. ಸುಣ್ಣಕ್ಕೆ ಪ್ರತಿಯಾಗಿ ನಿಂಬೆರಸ ಅಥವಾ ಹುಳಿ ಹಾಕುವುದು ಇನ್ನೊಂದು ಸುಟ್ಟಗಾಯಕ್ಕೆ ದಾರಿ. ಫಾರ್ಮಲಿನ್, ಎಕ್ಕದ ಹಾಲು, ಕೀಟನಾಶಕ ಬಿದ್ದಾಗಲೂ ಹೀಗೆಯೇ ತೊಳೆದು ನಂತರ ವೈದ್ಯರಿಗೆ ತೋರಿಸಬೇಕು.

ಪೋಷಣೆ: ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯುವುದಿಲ್ಲ, ವಾಸನೆ ತಿಳಿಯದ ಆಹಾರವನ್ನು ಅದು ಮುಟ್ಟುವುದಿಲ್ಲ. ಮೂಗನ್ನು ಒರೆಸಿ, ಮೀನು ಅಥವಾ ಮಾಂಸವನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟರೆ ತಿನ್ನಲು ತೊಡಗುತ್ತದೆ. ಎರಡು ಮೂರು ದಿನ ಪೂರ್ಣ ಉಪವಾಸವಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗಬಹುದು.

ಮಾಡಬಾರದ ಕೆಲಸಗಳು

- ಎದೆಹಾಲು, ಹರಳೆಣ್ಣೆ, ಜೇನು, ನಂದಿಬಟ್ಟಲಿನ ರಸ ಇವನ್ನು ಕಣ್ಣಿಗೆ ಬಿಡಬಾರದು. ಇವು ಸೋಂಕುರಹಿತವಲ್ಲ. ಹುಣ್ಣಾದ ಕಣ್ಣಿಗೆ ಹೊಸ ಸೂಕ್ಷ್ಮಾಣುಗಳನ್ನು ಸೇರಿಸಿದಂತಾಗುತ್ತದೆ.
- ದನದ ಕಣ್ಣಿಗೆ ಹೂ ಬಿದ್ದಾಗ ಹೊಗೆಸೊಪ್ಪನ್ನು ಅಗಿದು ಉಗುಳುವ ರೂಢಿ ಕೆಲವು ಕಡೆ ಇದೆ. ಅದು ದನಕ್ಕೂ ಕೇಡು, ಬೆಕ್ಕಿಗಂತೂ ವಿಷ.
- ಮನೆಯಲ್ಲಿ ಉಳಿದ ಮನುಷ್ಯರ ಕಣ್ಣಿನ ಹನಿಮದ್ದನ್ನು ಹಾಕಬಾರದು. ಇವುಗಳಲ್ಲಿ ಹಲವಕ್ಕೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಔಷಧಿಗಳನ್ನು ಸೇರಿಸಿರುತ್ತಾರೆ. ಇವು ಕೆಂಪನ್ನು ಒಂದೇ ದಿನದಲ್ಲಿ ಇಳಿಸುತ್ತವೆ. ಗುಣವಾಯಿತೆಂಬ ಭ್ರಮೆ ಹುಟ್ಟಿಸುತ್ತವೆ. ಆದರೆ ಕಾರ್ನಿಯಾದ ಮೇಲೆ ಹುಣ್ಣಿದ್ದರೆ ಅದು ಆಳವಾಗಿ ಕೊರೆದು ಕಣ್ಣು ಒಡೆಯುವ ಸಂಭವವಿದೆ; ಹರ್ಪಿಸ್ ವೈರಸ್ಸೂ ಇವುಗಳಿಂದ ಕೆರಳುತ್ತದೆ.
- ಜ್ವರವಿದೆಯೆಂದು ಪ್ಯಾರಾಸಿಟಮಾಲ್ ಮಾತ್ರೆ ಕೊಡಬಾರದು. ಈ ಔಷಧಿಯನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಮನುಷ್ಯರು ನುಂಗುವ ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು.
- ಫಿನಾಯಿಲ್, ಡೆಟಾಲ್ ಬೆರೆಸಿದ ನೀರಿನಿಂದ ಬೆಕ್ಕನ್ನು ಒರೆಸಬಾರದು. ಮೈಗೆ ಹತ್ತಿದ್ದನ್ನು ನೆಕ್ಕಿ ವಿಷವೇರುತ್ತದೆ.

ವೈದ್ಯರಿಗೆ ತೋರಿಸಬೇಕಾದ ಸಂದರ್ಭಗಳು

ಕಣ್ಣು ತೆರೆಯಲಾಗದಷ್ಟು ನೋವು, ಹೂ ಬಿದ್ದಿರುವುದು, ಕಣ್ಣೊಳಗೆ ರಕ್ತ, ಗುಡ್ಡೆ ಊದಿ ಮುಂದೆ ಬಂದಿರುವುದು, ರಾಸಾಯನಿಕ ಬಿದ್ದಿರುವುದು, ಮರಿ ಹಾಲು ಕುಡಿಯದಿರುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ಹೋಗಬೇಕು. ಕೇವಲ ಕೆಂಪು ಮತ್ತು ಗೀಜು ಇದ್ದಾಗ ಎರಡು ದಿನಗಳ ಆರೈಕೆಯಿಂದ ಕಡಿಮೆಯಾಗದಿದ್ದರೆ ತೋರಿಸಬೇಕು.

ವೈದ್ಯರು ಫ್ಲೋರಿಸಿನ್ ಎಂಬ ಬಣ್ಣವನ್ನು ಕಣ್ಣಿಗೆ ಹಾಕಿ ಪರೀಕ್ಷಿಸುತ್ತಾರೆ. ಹುಣ್ಣಿರುವ ಜಾಗ ಹಸಿರಾಗಿ ಕಾಣುತ್ತದೆ. ಬರಿಗಣ್ಣಿಗೆ ಕಾಣದ ಹುಣ್ಣೂ ಇದರಿಂದ ಗೊತ್ತಾಗುತ್ತದೆ. ಯಾವ ಮುಲಾಮು ಹಾಕಬೇಕೆಂಬುದು ಈ ಪರೀಕ್ಷೆಯ ಮೇಲೆ ನಿಂತಿರುವುದರಿಂದ, ಅಂಗಡಿಯಲ್ಲಿ ಕೇಳಿ ಮದ್ದು ತರುವುದು ಅಪಾಯ. ಕೊಟ್ಟ ಮುಲಾಮನ್ನು ಕೆಳರೆಪ್ಪೆಯನ್ನು ತುಸು ಕೆಳಕ್ಕೆಳೆದು, ಕೊಳವೆಯ ತುದಿ ಕಣ್ಣಿಗೆ ತಾಗದಂತೆ ಹಾಕಬೇಕು. ಕ್ಲಮೈಡಿಯಾ ಬೇನೆಗೆ ಮುಲಾಮು ಮಾತ್ರ ಸಾಲದು. ಡಾಕ್ಸಿಸೈಕ್ಲಿನ್ ಔಷಧಿಯನ್ನು ಸುಮಾರು ನಾಲ್ಕು ವಾರ, ಮನೆಯಲ್ಲಿರುವ ಎಲ್ಲಾ ಬೆಕ್ಕುಗಳಿಗೂ ಕೊಡಬೇಕಾಗುತ್ತದೆ. ಒಂದು ವಾರದಲ್ಲಿ ಕಣ್ಣು ತಿಳಿಯಾಯಿತೆಂದು ನಿಲ್ಲಿಸಿದರೆ ಬೇನೆ ಮರುಕಳಿಸುತ್ತದೆ. ಈ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುವುದರಿಂದ ನುಂಗಿಸಿದ ಕೂಡಲೇ ಒಂದು ಚಮಚ ನೀರು ಕುಡಿಸಬೇಕು.

ಹತ್ತಿರದ ಪಶು ಆಸ್ಪತ್ರೆಯಲ್ಲಿ ಬೆಕ್ಕನ್ನೂ ತೋರಿಸಬಹುದು. ಶಸ್ತ್ರಚಿಕಿತ್ಸೆ ಬೇಕಾದಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. 1958ರಲ್ಲಿ ಆರಂಭವಾದ ಈ ಕಾಲೇಜು ಒಂದು ಕಾಲಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿತ್ತು. ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ರಾಗಿ ದಾಸ್ತಾನು, ಇಲಿಗಳ ಹತೋಟಿಯಂತಹ ವಿಷಯಗಳಿಗೆ ಕಲ್ಯ ಅಂಚೆಯ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಮುದ್ದೆ, ಹಾಲು ಸಾಲದು

ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ನಾವು ತಿನ್ನುವ ಸೊಪ್ಪು, ಕ್ಯಾರೆಟ್ಟಿನಲ್ಲಿರುವ ಹಳದಿ ವಸ್ತುವನ್ನು ನಮ್ಮ ದೇಹ 'ಎ' ಜೀವಸತ್ವವನ್ನಾಗಿ ಮಾರ್ಪಡಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಈ ಶಕ್ತಿಯಿಲ್ಲ. ಅದಕ್ಕೆ 'ಎ' ಜೀವಸತ್ವ ಪ್ರಾಣಿಮೂಲದಿಂದಲೇ ದೊರೆಯಬೇಕು. ಹಾಗೆಯೇ ಟಾರಿನ್ ಎಂಬ ವಸ್ತುವೂ ಬೇಕು. ಟಾರಿನ್ ಇಲ್ಲದ ಆಹಾರದಿಂದ ಬೆಕ್ಕಿನ ಕಣ್ಣಿನ ಹಿಂಭಾಗದ ಪರದೆ ನಶಿಸುತ್ತದೆಂಬುದನ್ನು 1975ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಇಂತಹ ಕುರುಡು ಹೊರಗೆ ಕಾಣುವುದಿಲ್ಲ. ಕೆಂಪೂ ಇಲ್ಲ, ಗೀಜೂ ಇಲ್ಲ. ಒಮ್ಮೆ ಹೋದ ದೃಷ್ಟಿ ಮರಳುವುದೂ ಇಲ್ಲ.

ಮಾಂಸ, ಮೀನುಗಳಲ್ಲಿ ಟಾರಿನ್ ಇದೆ. ರಾಗಿ, ಅಕ್ಕಿ, ಬೇಳೆಗಳಲ್ಲಿ ಇಲ್ಲ. ಇಲಿ ಹಿಡಿಯುವ ಬೆಕ್ಕಿಗೆ ಇಲಿಯಿಂದಲೇ ಇದು ದೊರೆಯುತ್ತದೆ. ಕಟ್ಟಿಹಾಕಿದ ಅಥವಾ ಮನೆಯೊಳಗೇ ಇರುವ ಬೆಕ್ಕಿಗೆ ಮುದ್ದೆ, ಹಾಲು, ಮೊಸರನ್ನವನ್ನು ಮಾತ್ರ ಹಾಕುತ್ತ ಬಂದರೆ ಕೊರತೆಯಾಗುತ್ತದೆ. ಮಾಂಸ ತರುವ ಮನೆಗಳಲ್ಲಿ ಕೋಳಿಯ ಗುಂಡಿಗೆ, ಮೀನಿನ ತುಣುಕು ಹಾಕಬಹುದು. ಮಾಂಸ ಬಳಸದ ಮನೆಯವರು ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಸಿದ್ಧ ಆಹಾರವನ್ನು ಕೊಡಬಹುದು. ದಿನವೂ ಈಲಿ ಮಾತ್ರ ಕೊಟ್ಟರೆ 'ಎ' ಜೀವಸತ್ವ ಅತಿಯಾಗಿ ಮೂಳೆಗಳು ಕೆಡುತ್ತವೆ, ವಾರಕ್ಕೊಮ್ಮೆ ಸಾಕು.

ಮುಂಜಾಗ್ರತಾ ಕ್ರಮಗಳು

1. ಕಣ್ಣು ಬಂದ ಬೆಕ್ಕನ್ನು ಬೇರೆ ಇಡಬೇಕು. ಅದರ ತಟ್ಟೆ, ಗೋಣಿ ಬೇರೆಯಾಗಿರಲಿ. ತಟ್ಟೆಯನ್ನು ಸಾಬೂನಿನಿಂದ ತೊಳೆದು ಬಿಸಿಲಿಗೆ ಒಣಗಿಸಬೇಕು.
2. ಹೊಸ ಬೆಕ್ಕನ್ನು ಮನೆಗೆ ತಂದಾಗ ಎರಡು ವಾರ ಪ್ರತ್ಯೇಕವಾಗಿಟ್ಟು ನೋಡಬೇಕು.
3. ಸಾಕಣೆ ಮನೆಗೆ ಸೋಂಕುನಿವಾರಕ ಹೊಡೆಯುವ ದಿನ ಬೆಕ್ಕು, ಮರಿಗಳು ಒಳಗಿಲ್ಲವೆಂದು ನೋಡಿಕೊಂಡೇ ಬಾಗಿಲು ಹಾಕಬೇಕು. ಮರಿಗಳು ಚಂದ್ರಿಕೆಗಳ ಹಿಂದೆ, ಮೂಲೆಯ ಗೋಣಿಯಲ್ಲಿ ಅಡಗಿರುತ್ತವೆ. ಗಾಳಿಯಾಡಿ ವಾಸನೆ ಹೋದ ಮೇಲೆ ಮಾತ್ರ ಬೆಕ್ಕನ್ನು ಬಿಡಬೇಕು.
4. ಮರಿ ಹಾಕುವ ಜಾಗ ಒಲೆಯ ಹೊಗೆ, ಕಣದ ದೂಳುಗಳಿಂದ ದೂರವಿರಬೇಕು.
5. ಬೆಕ್ಕಿರುವ ಮನೆಯಲ್ಲಿ ಇಲಿಪಾಷಾಣದ ಬದಲು ಬೋನು ಬಳಸುವುದು ಒಳ್ಳೆಯದು.
6. ಹರ್ಪಿಸ್, ಕ್ಯಾಲಿಸಿ ವೈರಸ್ಸುಗಳ ವಿರುದ್ಧ ಲಸಿಕೆ ಇದೆ. ಮರಿಗೆ 6 ರಿಂದ 8 ವಾರಗಳಾದಾಗ ಆರಂಭಿಸಿ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಇದು ಸೋಂಕನ್ನು ಪೂರ್ತಿ ತಡೆಯದಿದ್ದರೂ ಬೇನೆಯ ತೀವ್ರತೆಯನ್ನು ಬಹಳಷ್ಟು ಕಡಿಮೆ ಮಾಡುತ್ತದೆ.

ಮನೆಯವರಿಗೂ ದನಕರುಗಳಿಗೂ ಹರಡುತ್ತದೆಯೇ?

ಬೆಕ್ಕಿನ ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್ಸುಗಳು ಮನುಷ್ಯರಿಗೂ ದನಗಳಿಗೂ ಬರುವುದಿಲ್ಲ. ದನಗಳ ಕಣ್ಣುಬೇನೆಯ ಮುಖ್ಯ ಸೂಕ್ಷ್ಮಾಣು ಬೇರೆ. ಅದನ್ನು ನೊಣಗಳು ಹರಡುತ್ತವೆ. 2023ರ ಮಳೆಗಾಲದಲ್ಲಿ ನಮ್ಮ ರಾಜ್ಯದಲ್ಲಿ ಹಬ್ಬಿದ 'ಮದ್ರಾಸ್ ಐ' ಮನುಷ್ಯರಿಂದ ಮನುಷ್ಯರಿಗೆ ಹರಡುವ ಬೇನೆ. ಕ್ಲಮೈಡಿಯಾ ಮಾತ್ರ ಅಪರೂಪವಾಗಿ ಮನುಷ್ಯರ ಕಣ್ಣಿಗೆ ತಗಲುವುದುಂಟು. ಆದುದರಿಂದ ಬೆಕ್ಕಿನ ಕಣ್ಣು ಒರೆಸಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

ಇದಕ್ಕಿಂತ ಹೆಚ್ಚಿನ ಅಪಾಯ ಕಚ್ಚುವುದರಿಂದ. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ, ಪರಚುತ್ತದೆ. ರೇಬಿಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಕಚ್ಚಿದ ಅಥವಾ ಪರಚಿದ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆಕ್ಕಿಗೂ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಮುಂದೆ ವರ್ಷಕ್ಕೊಮ್ಮೆ ಮುಂದುವರಿಸಬೇಕು.

ಇಷ್ಟೆಲ್ಲಾ ಮಾಡಿಯೂ ಕೆಲವು ವೇಳೆ ಒಂದು ಕಣ್ಣು ಹೋಗಬಹುದು. ಹಾಗೆಂದು ಆ ಬೆಕ್ಕನ್ನು ಬಿಟ್ಟುಬರಬೇಕಾಗಿಲ್ಲ. ಬೆಕ್ಕು ಬೇಟೆಗೆ ಕಣ್ಣನ್ನಷ್ಟೇ ಅಲ್ಲದೆ ಕಿವಿ, ಮೀಸೆಗಳನ್ನೂ ಬಳಸುತ್ತದೆ. ಒಕ್ಕಣ್ಣಿನ ಬೆಕ್ಕು ತಾನು ಬಲ್ಲ ಮನೆಯಲ್ಲಿ ಸಲೀಸಾಗಿ ಓಡಾಡಿ ಇಲಿ ಹಿಡಿಯಬಲ್ಲದು. ಅರಿಯದ ಜಾಗದಲ್ಲಿ ಬಿಟ್ಟರೆ ನಾಯಿಗಳ ಪಾಲಾಗುತ್ತದೆ. ಅರ್ಧ ಲೀಟರ್ ನೀರು, ಮುಕ್ಕಾಲು ಚಮಚ ಉಪ್ಪು, ಒಂದು ಶುದ್ಧ ಬಟ್ಟೆ ಯಾವ ರೈತನ ಮನೆಯಲ್ಲೂ ಇರುವ ವಸ್ತುಗಳು. ಇವನ್ನು ಬೇನೆ ಕಂಡ ದಿನವೇ ಬಳಸಿ, ಕಡಿಮೆಯಾಗದಿದ್ದಲ್ಲಿ ತಡಮಾಡದೆ ವೈದ್ಯರ ಸಲಹೆ ಪಡೆಯಬೇಕಾಗಿ ರೈತ ಬಾಂಧವರಲ್ಲಿ ವಿನಂತಿ.